ಹಳೆಯ ಮನೆಯ ಅಡುಗೆಮನೆ ನವೀಕರಣ: ಏನನ್ನು ಉಳಿಸಬೇಕು, ಏನನ್ನು ಬದಲಿಸಬೇಕು, ಯಾವುದನ್ನು ಆರಿಸಬೇಕು

ಯಾವುದೇ ಹಳೆಯ ಅಡುಗೆಮನೆಯಲ್ಲಿ ಎರಡು ಬಗೆಯ ವಸ್ತುಗಳಿರುತ್ತವೆ. ಕಪಾಟು, ಕಟ್ಟೆಯ ಕಲ್ಲು, ನೆಲ, ಗೋಡೆ, ಕಿಟಕಿಯ ಚೌಕಟ್ಟು ಇವು ಸುಮ್ಮನೆ ನಿಂತಿರುವವು. ಫ್ರಿಜ್, ಒಲೆ, ಬಿಸಿನೀರಿನ ಹೀಟರ್, ದೀಪ, ನಲ್ಲಿ ಇವು ದಿನವೂ ವಿದ್ಯುತ್ತನ್ನೋ ಅನಿಲವನ್ನೋ ನೀರನ್ನೋ ಬಳಸುತ್ತಲೇ ಇರುವವು. ಮೊದಲ ಬಗೆಯ ವಸ್ತುಗಳಿಂದ ಪರಿಸರಕ್ಕೆ ಆಗುವ ಹೊರೆಯ ಬಹುಪಾಲು ಅವು ತಯಾರಾಗುವ ಹೊತ್ತಿಗೇ ಆಗಿಹೋಗಿರುತ್ತದೆ: ಕಲ್ಲನ್ನು ಗಣಿಯಿಂದ ತೆಗೆದದ್ದು, ಮರವನ್ನು ಕಡಿದದ್ದು, ಟೈಲ್ಸನ್ನು ಸುಟ್ಟದ್ದು ಎಲ್ಲವೂ ಹಳೆಯ ಲೆಕ್ಕ. ಎರಡನೆಯ ಬಗೆಯ ವಸ್ತುಗಳ ಹೊರೆ ಮಾತ್ರ ಪ್ರತಿದಿನ ಬೆಳೆಯುತ್ತಲೇ ಹೋಗುತ್ತದೆ. ಆದ್ದರಿಂದ ಸುಮ್ಮನೆ ನಿಂತಿರುವುದನ್ನು ಸಾಧ್ಯವಾದಷ್ಟು ಉಳಿಸಿಕೊಳ್ಳುವುದು, ಶಕ್ತಿ ತಿನ್ನುವುದನ್ನು ಮೊದಲು ಬದಲಿಸುವುದು ಎಂಬ ನಿಲುವಿನಿಂದ ಈ ಹೋಲಿಕೆಯನ್ನು ಆರಂಭಿಸುತ್ತೇನೆ. ನವೀಕರಣಕ್ಕೆ ಕೈಹಾಕುವ ಹೆಚ್ಚಿನವರು ಇದಕ್ಕೆ ನೇರ ವಿರುದ್ಧವಾಗಿ ನಡೆಯುತ್ತಾರೆ. ಕಪಾಟುಗಳನ್ನೆಲ್ಲ ಕಿತ್ತು ಹೊಸದನ್ನು ಹಾಕಿಸಿ, ಇಪ್ಪತ್ತು ವರ್ಷ ಹಳೆಯ ಫ್ರಿಜ್ಜನ್ನು ಹಾಗೆಯೇ ಮೂಲೆಯಲ್ಲಿ ಉಳಿಸಿಕೊಳ್ಳುತ್ತಾರೆ. ಪರಿಸರಸ್ನೇಹಿ ಎಂಬ ಚೀಟಿ ಅಂಟಿಸಿಕೊಂಡ ಹೊಸ ಹಲಗೆಗಿಂತ, ಮನೆಯಲ್ಲಿ ಆಗಲೇ ಇರುವ ಗಟ್ಟಿ ಹಲಗೆಯೇ ಬಹುತೇಕ ಸಂದರ್ಭಗಳಲ್ಲಿ ಹೆಚ್ಚು ಪರಿಸರಸ್ನೇಹಿ.

ಒಡೆಯುವ ಮುನ್ನ ನೋಡಬೇಕಾದದ್ದು

ವಸ್ತುಗಳನ್ನು ಹೋಲಿಸುವ ಮೊದಲು ಮನೆಯನ್ನೇ ಪರೀಕ್ಷಿಸಬೇಕು. ಹಲವು ದಶಕ ಹಳೆಯ ಮನೆಗಳ ಬಣ್ಣದಲ್ಲಿ ಸೀಸ ಇರಬಹುದು. ಹಳೆಯ ವಿನೈಲ್ ನೆಲಹಾಸು, ಅದರ ಕೆಳಗಿನ ಕಪ್ಪು ಅಂಟು, ಕೊಳವೆಗಳಿಗೆ ಸುತ್ತಿದ ಹೊದಿಕೆ ಮತ್ತು ಸಿಮೆಂಟ್ ಶೀಟುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಇವೆರಡೂ ಕದಡದೆ ಇದ್ದಷ್ಟು ದಿನ ಹೆಚ್ಚಿನ ಅಪಾಯ ಮಾಡುವುದಿಲ್ಲ. ಒಣದಾಗಿ ಉಜ್ಜಿದಾಗ, ಕೆರೆದಾಗ, ಒಡೆದಾಗ ಏಳುವ ಧೂಳೇ ಅಪಾಯಕಾರಿ. ಸಣ್ಣ ಮಾದರಿಯೊಂದನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಪರೀಕ್ಷಿಸಿಕೊಳ್ಳದೆ ಇಂತಹ ಮೇಲ್ಮೈಗಳ ಮೇಲೆ ಯಂತ್ರ ಇಡಬಾರದು. ಕಲ್ನಾರು ಇದೆಯೆಂದು ತಿಳಿದರೆ, ಅದು ಗಟ್ಟಿಯಾಗಿದ್ದ ಪಕ್ಷದಲ್ಲಿ ಅದನ್ನು ತೆಗೆಯುವುದಕ್ಕಿಂತ ಅದರ ಮೇಲೆಯೇ ಹೊಸ ನೆಲವನ್ನು ಹಾಸಿ ಮುಚ್ಚುವುದು ಸುರಕ್ಷಿತವಾಗಬಹುದು. ತೆಗೆಯಲೇಬೇಕಾದರೆ ಆ ಕೆಲಸದಲ್ಲಿ ತರಬೇತಿ ಪಡೆದವರೇ ತೆಗೆಯಬೇಕು.

ಎರಡನೆಯದು ತೇವ. ಸಿಂಕಿನ ಕೆಳಗಿನ ಕಪಾಟನ್ನು ಪೂರ್ತಿ ಖಾಲಿ ಮಾಡಿ, ತಳದ ಹಲಗೆಯ ಹಿಂಬದಿಯ ಅಂಚನ್ನು ಬೆರಳಿನಿಂದ ಒತ್ತಿ ನೋಡಿ. ಅಂಚು ಉಬ್ಬಿ, ಒತ್ತಿದರೆ ರವೆಯಂತೆ ಉದುರುತ್ತಿದ್ದರೆ ಅದು ಪಾರ್ಟಿಕಲ್ ಬೋರ್ಡ್ (ಮರದ ಚೂರುಗಳನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ) ಮತ್ತು ಅಲ್ಲಿ ಬಹುಕಾಲದಿಂದ ನೀರು ಸೋರುತ್ತಿದೆ ಎಂದು ಅರ್ಥ. ಮರ ಕಪ್ಪಾಗಿದ್ದರೂ ಉಗುರು ಒಳಗಿಳಿಯದಿದ್ದರೆ ಆ ಮರ ಇನ್ನೂ ಬಾಳುತ್ತದೆ. ಗೋಡೆಯ ಬುಡದಲ್ಲಿ ಬಣ್ಣ ಸಿಪ್ಪೆಯೆದ್ದು ಬಿಳಿಯ ಪುಡಿ ಕಾಣಿಸುತ್ತಿದ್ದರೆ ನೆಲದಿಂದ ತೇವ ಏರುತ್ತಿದೆ. ಅದರ ಮೂಲವನ್ನು ಸರಿಪಡಿಸದೆ ಮುಂದೆ ಎಂತಹ ಉತ್ತಮ ಕಪಾಟನ್ನು ನಿಲ್ಲಿಸಿದರೂ ಕೆಲವೇ ವರ್ಷಗಳಲ್ಲಿ ಅದರ ಬೆನ್ನು ಬೂಷ್ಟು ಹಿಡಿಯುತ್ತದೆ.

ಮೂರನೆಯದು ವೈರಿಂಗ್. ಇದರ ಮಾತನ್ನು ಒಲೆಯ ಭಾಗದಲ್ಲಿ ಹೇಳುತ್ತೇನೆ. ಗೋಡೆಯ ಗಿಲಾವು ಮುಗಿಯುವ ಮೊದಲೇ ನಿರ್ಧರಿಸಬೇಕಾದ ಸಂಗತಿ ಅದು ಎಂಬುದನ್ನು ಮಾತ್ರ ಇಲ್ಲಿ ನೆನಪಿಟ್ಟುಕೊಳ್ಳಬೇಕು.

ಕಪಾಟು: ದುರಸ್ತಿಯೋ, ಹೊಸ ಬಾಗಿಲೋ, ಸಂಪೂರ್ಣ ಬದಲಾವಣೆಯೋ

ಕಪಾಟಿನ ವಿಷಯದಲ್ಲಿ ಮೂರು ದಾರಿಗಳಿವೆ. ಪೆಟ್ಟಿಗೆಗಳೂ ಬಾಗಿಲುಗಳೂ ಗಟ್ಟಿಯಾಗಿದ್ದರೆ ಹಳೆಯ ಬಣ್ಣವನ್ನು ಸರಿಪಡಿಸಿ, ಬಿಜಾಗರಿ ಮತ್ತು ಡ್ರಾಯರಿನ ಹಳಿಗಳನ್ನು ಬದಲಿಸಿದರೆ ಸಾಕಾಗುತ್ತದೆ. ಪೆಟ್ಟಿಗೆ ಗಟ್ಟಿಯಾಗಿದ್ದು ಮುಖ ಮಾತ್ರ ಹಾಳಾಗಿದ್ದರೆ ಬಾಗಿಲುಗಳನ್ನಷ್ಟೇ ಹೊಸದಾಗಿ ಮಾಡಿಸಬಹುದು. ಒಂದು ಕಪಾಟಿನಲ್ಲಿ ಹೆಚ್ಚು ಹಲಗೆ ಹೋಗುವುದು ಪೆಟ್ಟಿಗೆಗೆ, ಕಣ್ಣಿಗೆ ಕಾಣುವುದು ಬಾಗಿಲು ಮಾತ್ರ ಆದ್ದರಿಂದ, ಸ್ವಲ್ಪ ವಸ್ತುವಿನಲ್ಲಿ ಇಡೀ ಅಡುಗೆಮನೆ ಹೊಸದಾಗಿ ಕಾಣುವ ದಾರಿ ಇದು. ಪೆಟ್ಟಿಗೆಯೇ ಕೊಳೆತಿದ್ದರೆ ಅಥವಾ ಅಡುಗೆಮನೆಯ ವಿನ್ಯಾಸವೇ ಬಳಸುವವರಿಗೆ ನೋವು ಕೊಡುವಂತಿದ್ದರೆ ಮಾತ್ರ ಮೂರನೆಯ ದಾರಿ. ಒಂದು ಸಿಂಕ್ ಕಪಾಟು ಹಾಳಾಗಿದೆಯೆಂದು ಹತ್ತು ಒಳ್ಳೆಯ ಕಪಾಟುಗಳನ್ನು ಕೀಳಿಸುವುದನ್ನು ನಾನು ಒಪ್ಪುವುದಿಲ್ಲ. ಒಬ್ಬ ನುರಿತ ಬಡಗಿ ಅದೊಂದನ್ನೇ ಅಳತೆಗೆ ತಕ್ಕಂತೆ ಮಾಡಿಕೊಡಬಲ್ಲರು.

ಹೊಸದನ್ನು ಮಾಡಿಸಲೇಬೇಕಾದಾಗ ಹಲಗೆಯ ಆಯ್ಕೆಯಲ್ಲಿ ಎರಡು ಪ್ರಶ್ನೆಗಳು ಮುಖ್ಯ: ಒಳಗಿರುವ ಅಂಟು ಯಾವುದು, ನೀರು ತಾಗಿದರೆ ಏನಾಗುತ್ತದೆ. ಪಾರ್ಟಿಕಲ್ ಬೋರ್ಡ್ ಮತ್ತು ಎಂ.ಡಿ.ಎಫ್. ಎರಡೂ ಮರದ ಪುಡಿ, ಚೂರು ಮತ್ತು ನಾರುಗಳಿಂದ ಆಗುವಂಥವು; ಗರಗಸದ ಕಾರ್ಖಾನೆಯಲ್ಲಿ ವ್ಯರ್ಥವಾಗುವ ಮರ ಹೀಗೆ ಬಳಕೆಗೆ ಬರುವುದು ಒಳ್ಳೆಯದೇ. ಆದರೆ ಇವುಗಳಲ್ಲಿ ಸಾಮಾನ್ಯವಾಗಿ ಬಳಸುವ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಫಾರ್ಮಾಲ್ಡಿಹೈಡ್ ಅನಿಲವನ್ನು ಕೋಣೆಯೊಳಗೆ ಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಅನಿಲವನ್ನು 2004ರಲ್ಲಿ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿಯ ಎರಡನೆಯ ಹಂತದ ಮಿತಿಯ ಪ್ರಕಾರ ಪ್ಲೈವುಡ್ 0.05, ಪಾರ್ಟಿಕಲ್ ಬೋರ್ಡ್ 0.09, ಎಂ.ಡಿ.ಎಫ್. 0.11 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇಷ್ಟು ಭಾಗ ಫಾರ್ಮಾಲ್ಡಿಹೈಡ್) ಮೀರುವಂತಿಲ್ಲ. ಯುರೋಪಿನ ಇ1 ದರ್ಜೆಯೂ ಇಂಥದೇ ಒಂದು ಮಿತಿ. ಕೊಳ್ಳುವ ಹಲಗೆಯ ಮೇಲೆ ಇವುಗಳಲ್ಲಿ ಒಂದರ ಮುದ್ರೆ ಇರಬೇಕು. ಫಾರ್ಮಾಲ್ಡಿಹೈಡ್ ಸೇರಿಸದೆಯೇ ತಯಾರಿಸಿದ್ದು ಎಂಬ ಮುದ್ರೆ ಸಿಕ್ಕರೆ ಇನ್ನೂ ಒಳ್ಳೆಯದು. ಯಾವ ಹಲಗೆಯನ್ನೇ ತಂದರೂ ಕತ್ತರಿಸಿದ ಅಂಚುಗಳನ್ನು ಎಲ್ಲ ಕಡೆಯೂ ಮುಚ್ಚಿಸಬೇಕು. ಅನಿಲ ಹೊರಬರುವುದೂ ನೀರು ಒಳಹೋಗುವುದೂ ಹೆಚ್ಚಾಗಿ ಆ ಬೋಳು ಅಂಚುಗಳಿಂದಲೇ.

ಪ್ಲೈವುಡ್ಡು ತಿರುಪುಮೊಳೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬಿಜಾಗರಿಯನ್ನು ಬಿಚ್ಚಿ ಮತ್ತೆ ಕೂರಿಸಬಹುದು. ಅಡುಗೆಮನೆಗೆ ಕುದಿಯುವ ನೀರಿಗೂ ಬಿಡದ ದರ್ಜೆಯನ್ನು ಕೇಳಬೇಕು. ಆ ದರ್ಜೆಯಲ್ಲಿ ಬಳಸುವ ಫೀನಾಲ್ ಆಧಾರಿತ ಅಂಟು ಯೂರಿಯಾ ಅಂಟಿಗಿಂತ ಬಹಳ ಕಡಿಮೆ ಫಾರ್ಮಾಲ್ಡಿಹೈಡ್ ಬಿಡುತ್ತದೆ, ಹೀಗಾಗಿ ಒಂದೇ ಆಯ್ಕೆಯಲ್ಲಿ ಬಾಳಿಕೆ ಮತ್ತು ಆರೋಗ್ಯ ಎರಡೂ ದೊರೆಯುತ್ತವೆ. ಗಟ್ಟಿ ಮರ ತಲೆಮಾರುಗಳ ಕಾಲ ಬಾಳುತ್ತದೆ, ಎಷ್ಟು ಸಲ ಬೇಕಾದರೂ ಉಜ್ಜಿ ಹೊಸದು ಮಾಡಬಹುದು. ಆದರೆ ಅದು ಯಾವ ಕಾಡಿನದು ಎಂಬುದು ತಿಳಿಯದಿದ್ದರೆ ಅದನ್ನು ಪರಿಸರಸ್ನೇಹಿ ಎನ್ನಲಾಗದು. 1993ರಲ್ಲಿ ಆರಂಭವಾದ ಫಾರೆಸ್ಟ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನ ಎಫ್.ಎಸ್.ಸಿ. ಮುದ್ರೆ ಇದಕ್ಕೆ ಒಂದು ಆಧಾರ. ಹಳೆಯ ಕಟ್ಟಡಗಳಿಂದ ಬಿಚ್ಚಿದ ತೊಲೆ ಮತ್ತು ಬಾಗಿಲುಗಳ ಮರ ಸಿಕ್ಕಿದರೆ ಅದಕ್ಕೆ ಸಮನಾದುದು ಇಲ್ಲ, ಏಕೆಂದರೆ ವರ್ಷಗಟ್ಟಲೆ ಒಣಗಿರುವ ಆ ಮರ ಹೊಸ ಮರದಷ್ಟು ಸುಲಭವಾಗಿ ಬಾಗುವುದಿಲ್ಲ. ಒಳಗೆ ಮೊಳೆ ಮತ್ತು ಹುಳುವಿನ ತೂತು ಇಲ್ಲವೆಂದು ಖಚಿತಪಡಿಸಿಕೊಂಡರೆ ಸಾಕು.

ಬಿದಿರಿನ ಹಲಗೆಯ ಬಗ್ಗೆ ಇತ್ತೀಚೆಗೆ ಹೆಚ್ಚು ಮೆಚ್ಚುಗೆ ಕೇಳಿಬರುತ್ತಿದೆ. ಬಿದಿರು ಹುಲ್ಲಿನ ಜಾತಿಯ ಸಸ್ಯ. 3ರಿಂದ 5 ವರ್ಷಗಳಲ್ಲಿ ಕಟಾವಿಗೆ ಬರುತ್ತದೆ, ಕಡಿದ ಬುಡದಿಂದಲೇ ಮತ್ತೆ ಚಿಗುರುತ್ತದೆ. ಆದರೆ ಬಿದಿರಿನ ಹಲಗೆಯೆಂದರೆ ಸೀಳಿದ ಪಟ್ಟಿಗಳನ್ನು ಅಂಟಿನಿಂದ ಒತ್ತಿ ಕೂಡಿಸಿದ್ದು, ಆದ್ದರಿಂದ ಅಂಟಿನ ಪ್ರಶ್ನೆ ಅಲ್ಲಿಯೂ ತಪ್ಪಿದ್ದಲ್ಲ. ಸ್ಟೀಲಿನ ಕಪಾಟುಗಳಿಗೆ ಗೆದ್ದಲು, ಬೂಷ್ಟು, ಅನಿಲ ಯಾವುದರ ಕಾಟವೂ ಇಲ್ಲ. ತಯಾರಿಕೆಗೆ ಹೆಚ್ಚು ಶಕ್ತಿ ಬೇಕಾದರೂ ಕೊನೆಗೆ ಪೂರ್ತಿಯಾಗಿ ಕರಗಿಸಿ ಮರುಬಳಸಬಹುದು. ತೇವ ಪೂರ್ತಿ ಹೋಗದ ಮನೆಗಳಲ್ಲಿ ಸಿಂಕಿನ ಕೆಳಗಾದರೂ ಸ್ಟೀಲನ್ನು ಆರಿಸುವುದು ವಿವೇಕ.

ಕಟ್ಟೆಯ ಮೇಲ್ಮೈ

ಈಗಿರುವ ಕಟ್ಟೆ ಕಲ್ಲಿನದಾಗಿದ್ದರೆ, ಅದು ಒಡೆಯದೆ ಇದ್ದರೆ, ಮೊದಲು ಅದನ್ನು ಮರುಪಾಲಿಶ್ ಮಾಡಿಸಿ ನೋಡಬೇಕು. ಮಂಕಾದ ಗ್ರಾನೈಟ್ ಮತ್ತು ಅಂಚಿನಲ್ಲಿ ಚಕ್ಕೆಯೆದ್ದ ಕಲ್ಲು ಎರಡನ್ನೂ ಸರಿಪಡಿಸಲು ಸಾಧ್ಯ.

ಹೊಸದಾಗಿ ಆರಿಸುವವರ ಮುಂದೆ ಹೆಚ್ಚಾಗಿ ಗ್ರಾನೈಟ್ ಮತ್ತು ಕ್ವಾರ್ಟ್ಜ್ ಎಂಬ ಎರಡು ಹೆಸರುಗಳು ಬರುತ್ತವೆ. ಮಾರುಕಟ್ಟೆಯಲ್ಲಿ ಕ್ವಾರ್ಟ್ಜ್ ಎಂದು ಕರೆಯುವುದು ಗಣಿಯಿಂದ ನೇರವಾಗಿ ಬಂದ ಕಲ್ಲಲ್ಲ; ತೂಕದಲ್ಲಿ ಸುಮಾರು 90 ಪ್ರತಿಶತ ಕ್ವಾರ್ಟ್ಜ್ ಪುಡಿ ಮತ್ತು ಹರಳನ್ನು ಪ್ಲಾಸ್ಟಿಕ್ ಜಾತಿಯ ರಾಳದಲ್ಲಿ ಒತ್ತಿ ಕೂಡಿಸಿದ್ದು. ಕಲೆ ಹಿಡಿಯುವುದಿಲ್ಲ, ಆಗಾಗ ಸೀಲ್ ಮಾಡಬೇಕಾಗಿಲ್ಲ. ಆದರೆ ರಾಳದ ದೆಸೆಯಿಂದ ಬಿಸಿಯನ್ನು ಸಹಿಸುವುದು ಕಡಿಮೆ. ಸುಮಾರು 150 ಡಿಗ್ರಿ ಸೆಲ್ಸಿಯಸ್ ದಾಟಿದ ಪಾತ್ರೆಯನ್ನು ನೇರವಾಗಿ ಇಟ್ಟರೆ ಮಾಯದ ಕಲೆ ಉಳಿಯಬಹುದು. ಗ್ರಾನೈಟ್ ಇಂತಹ ಬಿಸಿಯನ್ನು ಲೆಕ್ಕಿಸುವುದಿಲ್ಲ.

ಇದಕ್ಕಿಂತ ಗಂಭೀರವಾದ ಒಂದು ವ್ಯತ್ಯಾಸವಿದೆ, ಅದು ಕಟ್ಟೆಯನ್ನು ಬಳಸುವವರಿಗಿಂತ ಅದನ್ನು ಕತ್ತರಿಸುವವರಿಗೆ ಸಂಬಂಧಿಸಿದ್ದು. ಕೃತಕ ಕ್ವಾರ್ಟ್ಜನ್ನು ಒಣದಾಗಿ ಕತ್ತರಿಸಿದಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಸೇರಿ ಸಿಲಿಕೋಸಿಸ್ ಎಂಬ ಗುಣವಾಗದ ಕಾಯಿಲೆಯನ್ನು ತರುತ್ತದೆ. ಇನ್ನೂ ಎಳೆಯ ವಯಸ್ಸಿನ ಕಾರ್ಮಿಕರಲ್ಲಿಯೇ ಇದು ಕಾಣಿಸಿಕೊಂಡದ್ದರಿಂದ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಕೃತಕ ಕಲ್ಲಿನ ತಯಾರಿಕೆ, ಪೂರೈಕೆ ಮತ್ತು ಅಳವಡಿಕೆಯನ್ನು ನಿಷೇಧಿಸಿತು. ಗ್ರಾನೈಟ್‌ನಲ್ಲಿಯೂ ಸಿಲಿಕಾ ಇದೆ, ಪ್ರಮಾಣ ಮಾತ್ರ ಸಾಮಾನ್ಯವಾಗಿ ಅದರ ಅರ್ಧಕ್ಕಿಂತ ಕಡಿಮೆ. ಯಾವ ಕಲ್ಲೇ ಆಗಲಿ, ನೀರು ಹರಿಸುತ್ತಾ ಕತ್ತರಿಸಬೇಕು, ಕೆಲಸಗಾರರು ಸೂಕ್ತ ಮುಖಗವಸು ಧರಿಸಿರಬೇಕು, ಮನೆಯೊಳಗೆ ಒಣ ಕತ್ತರಿಕೆ ನಡೆಯಬಾರದು. ನಮ್ಮ ಮನೆಯ ಕಟ್ಟೆಗಾಗಿ ಇನ್ನೊಬ್ಬರ ಉಸಿರು ಹಾಳಾಗುವುದಾದರೆ ಆ ಕಟ್ಟೆಯನ್ನು ಪರಿಸರಸ್ನೇಹಿ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಈ ಕಾರಣದಿಂದ ಇವೆರಡರ ನಡುವೆ ನನ್ನ ಆಯ್ಕೆ ಸ್ಪಷ್ಟವಾಗಿ ಗ್ರಾನೈಟ್, ಅದೂ ಸಾಧ್ಯವಾದಷ್ಟು ಹತ್ತಿರದ ಗಣಿಯದು, ಏಕೆಂದರೆ ಕಲ್ಲು ಭಾರವಾದ ವಸ್ತುವಾದ್ದರಿಂದ ಸಾಗಣೆಯ ದೂರ ಲೆಕ್ಕಕ್ಕೆ ಬರುತ್ತದೆ.

ಸ್ಟೇನ್‌ಲೆಸ್ ಸ್ಟೀಲ್ ಕಟ್ಟೆಯಲ್ಲಿ ಗೀರು ಬೀಳುತ್ತದೆ, ಶಬ್ದ ಹೆಚ್ಚು. ಆದರೆ ಬಿಸಿ, ನೀರು, ಹುಳಿ ಯಾವುದಕ್ಕೂ ಜಗ್ಗುವುದಿಲ್ಲ ಮತ್ತು ಸಿಂಕನ್ನೂ ಸೇರಿಸಿ ಒಂದೇ ತುಂಡಿನಲ್ಲಿ ಮಾಡಿಸಿದರೆ ನೀರು ಸೋರುವ ಸಂದೇ ಇರುವುದಿಲ್ಲ. ಮರುಬಳಕೆಯ ಗಾಜಿನ ಚೂರುಗಳನ್ನು ಸಿಮೆಂಟಿನಲ್ಲಿ ಕೂಡಿಸಿದ ಫಲಕಗಳು ಸುಂದರವಾಗಿವೆ, ಬಿಸಿಯನ್ನೂ ತಡೆಯುತ್ತವೆ. ಹುಳಿ ಬಿದ್ದರೆ ಸಿಮೆಂಟಿನ ಭಾಗ ಮಂಕಾಗುವುದರಿಂದ ಆಗಾಗ ಸೀಲ್ ಮಾಡಬೇಕು. ಮರದ ಕಟ್ಟೆಗೆ ಎಣ್ಣೆ ಹಚ್ಚುವ ಶ್ರದ್ಧೆ ಇರುವವರು ಸಿಂಕಿನಿಂದ ದೂರದ ಭಾಗಕ್ಕೆ ಅದನ್ನು ಆರಿಸಬಹುದು. ಲ್ಯಾಮಿನೇಟ್ ಹಗುರ, ಆದರೆ ಒಮ್ಮೆ ಅಂಚಿನಲ್ಲಿ ನೀರು ಹೊಕ್ಕರೆ ದುರಸ್ತಿ ಇಲ್ಲ.

ನೆಲ

ಹಳೆಯ ಮನೆಯ ಕಲ್ಲು ಅಥವಾ ರೆಡ್ ಆಕ್ಸೈಡ್ ನೆಲವನ್ನು ಉಜ್ಜಿ ಪಾಲಿಶ್ ಮಾಡಿಸಲು ಸಾಧ್ಯವಿದ್ದರೆ ಈ ಭಾಗವನ್ನು ಇಲ್ಲಿಗೇ ಬಿಡಬಹುದು. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸಿಮೆಂಟ್ ತಯಾರಿಕೆಯ ಪಾಲು ಸುಮಾರು 7ರಿಂದ 8 ಪ್ರತಿಶತ. ಒಡೆದು ಹೊಸ ನೆಲ ಹಾಕಿಸುವ ಪ್ರತಿ ಬಾರಿಯೂ ಆ ಲೆಕ್ಕಕ್ಕೆ ಸ್ವಲ್ಪ ಸೇರುತ್ತದೆ.

ಹೊಸದು ಬೇಕಾದವರು ವಿನೈಲ್ ಮತ್ತು ಲಿನೋಲಿಯಂ ಒಂದೇ ಎಂದು ತಿಳಿಯಬಾರದು. ನೋಡಲು ಹೋಲುತ್ತವೆ, ಹುಟ್ಟು ಬೇರೆ. ವಿನೈಲ್ ಪಿವಿಸಿಯಿಂದ ಆದದ್ದು. ಅಗ್ಗ, ನೀರಿಗೆ ಜಗ್ಗದು, ಆದರೆ ಅದನ್ನು ಮೃದುಗೊಳಿಸಲು ಥ್ಯಾಲೇಟುಗಳೆಂಬ ರಾಸಾಯನಿಕಗಳನ್ನು ಬಳಸಿರಬಹುದು ಮತ್ತು ಬಾಳಿಕೆ ಮುಗಿದ ಮೇಲೆ ಮರುಬಳಕೆ ಕಷ್ಟ. ಲಿನೋಲಿಯಂ 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ರೂಪಿಸಿದ ವಸ್ತು. ಅಗಸೆ ಎಣ್ಣೆ, ಮರದ ಹುಡಿ, ಕಾರ್ಕ್ ಪುಡಿ, ಸುಣ್ಣಕಲ್ಲಿನ ಪುಡಿಗಳನ್ನು ಸೆಣಬಿನ ಬಟ್ಟೆಯ ಮೇಲೆ ಹಾಸಿ ಮಾಡಿದ್ದು. ಬಣ್ಣ ಮೇಲ್ಪದರದಲ್ಲಷ್ಟೇ ಇರದೆ ಒಳಗಿನವರೆಗೂ ಇರುವುದರಿಂದ ಸವೆದರೂ ವಿಕಾರವಾಗಿ ಕಾಣುವುದಿಲ್ಲ. ಅದನ್ನು ಸೋಲಿಸುವುದು ತೇವವೊಂದೇ: ಕೆಳಗಿನಿಂದ ತೇವ ಏರುವ ನೆಲಕ್ಕೆ ಅದು ಹೊಂದುವುದಿಲ್ಲ.

ಕಾರ್ಕ್ ನೆಲವೂ ಹೀಗೆಯೇ. ಕಾರ್ಕ್ ಓಕ್ ಮರವನ್ನು ಕಡಿಯದೆ, ಸುಮಾರು 9 ವರ್ಷಕ್ಕೊಮ್ಮೆ ಅದರ ತೊಗಟೆಯನ್ನು ಸುಲಿದು ಮಾಡುವ ಈ ನೆಲ ಕಾಲಿಗೆ ಮೆತ್ತಗೂ ಬೆಚ್ಚಗೂ ಇರುತ್ತದೆ. ದೀರ್ಘಕಾಲ ನಿಂತು ಕೆಲಸ ಮಾಡುವವರ ಮಂಡಿಗೆ ಹಿತ. ತೇವದ ನೆಲಕ್ಕೆ ಮಾತ್ರ ಟೈಲ್ಸೇ ಸರಿ. ಟೈಲ್ಸನ್ನು 1,000 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಸುಡಬೇಕಾದರೂ, ಐವತ್ತು ವರ್ಷ ಬಾಳಿದರೆ ಆ ಶಕ್ತಿ ವ್ಯರ್ಥವಾಗಲಿಲ್ಲ ಎನ್ನಬಹುದು. ಬಣ್ಣ ಮತ್ತು ವಿನ್ಯಾಸದಲ್ಲಿ ಬೇಗ ಬೇಸರ ತರಿಸದ ಟೈಲ್ಸನ್ನು ಆರಿಸುವುದು ಇಲ್ಲಿ ನಿಜಕ್ಕೂ ಪರಿಸರದ ಪ್ರಶ್ನೆ, ಏಕೆಂದರೆ ಒಳ್ಳೆಯ ನೆಲಗಳು ಹೆಚ್ಚಾಗಿ ಸವೆದು ಹೋಗುವುದಕ್ಕಿಂತ ಬೇಸರಕ್ಕೆ ಬಲಿಯಾಗುತ್ತವೆ.

ಗೋಡೆ, ಶಾಖನಿರೋಧಕ ಮತ್ತು ಕಿಟಕಿ

ಹಳೆಯ ಮನೆಗೂ ಹೊಸ ಮನೆಗೂ ಇರುವ ಅತಿ ದೊಡ್ಡ ವ್ಯತ್ಯಾಸ ಗೋಡೆಯಲ್ಲಿದೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆ ತೇವವನ್ನು ಹೀರಿಕೊಂಡು ಮತ್ತೆ ಗಾಳಿಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟ್ ಗಿಲಾವು ಮಾಡಿ, ಪ್ಲಾಸ್ಟಿಕ್ ಬಣ್ಣ ಬಳಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ಇಟ್ಟಿಗೆ ಪುಡಿಯಾಗುತ್ತದೆ, ಬಣ್ಣ ಹಪ್ಪಳದಂತೆ ಏಳುತ್ತದೆ. ಇಂತಹ ಗೋಡೆಗೆ ಸುಣ್ಣದ ಗಿಲಾವು ಮತ್ತು ಸುಣ್ಣದ ಬಣ್ಣವೇ ಸರಿಯಾದ ಜೋಡಿ. ಸುಣ್ಣ ಗಟ್ಟಿಯಾಗುವಾಗ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ಸುಣ್ಣಕಲ್ಲನ್ನು ಸುಡುವಾಗ ಹೊರಬಿದ್ದುದರ ಒಂದು ಪಾಲು ಹೀಗೆ ಮರಳಿ ಸೇರುತ್ತದೆ. ಅದರ ಕ್ಷಾರಗುಣದಿಂದ ಬೂಷ್ಟೂ ಸುಲಭವಾಗಿ ಹಿಡಿಯುವುದಿಲ್ಲ. ಎಣ್ಣೆ ಸಿಡಿಯುವ ಒಲೆಯ ಹಿಂದಿನ ಗೋಡೆಗೆ ಮಾತ್ರ ಸುಣ್ಣ ಸಾಲದು, ಅಲ್ಲಿ ಟೈಲ್ಸ್ ಅಥವಾ ಸ್ಟೀಲ್ ಹಾಳೆ ಬೇಕು. ಸಿಮೆಂಟಿನಲ್ಲಿ ಕಟ್ಟಿದ, ತೇವವಿಲ್ಲದ ಗೋಡೆಯಾದರೆ ಕಡಿಮೆ ವಿಒಸಿ (ಆವಿಯಾಗಿ ಗಾಳಿಗೆ ಸೇರುವ ರಾಸಾಯನಿಕಗಳು) ಇರುವ ನೀರಿನ ಬಣ್ಣ ಸಾಕು.

ಶಾಖನಿರೋಧಕವನ್ನು ಅಂಕಿಗಳಿಂದಷ್ಟೇ ಅಳೆದರೆ ಪಾಲಿಯುರೆಥೇನ್ ಫೋಮ್ ಗೆಲ್ಲುತ್ತದೆ: ಅದರ ಶಾಖವಾಹಕತೆ ಸುಮಾರು 0.025, ಖನಿಜ ಉಣ್ಣೆಯದು 0.035ರಿಂದ 0.040, ಮರುಬಳಕೆಯ ಕಾಗದದಿಂದ ಮಾಡಿದ ಸೆಲ್ಯುಲೋಸ್ ಮತ್ತು ಕಾರ್ಕ್ ಹಲಗೆಯದು ಸುಮಾರು 0.040. ಅಂಕಿ ಕಡಿಮೆಯಾದಷ್ಟೂ ಶಾಖದ ಸಾಗಣೆ ಕಡಿಮೆ. ಆದರೆ ಉಸಿರಾಡುವ ಹಳೆಯ ಗೋಡೆಗೆ ಫೋಮ್ ಸಿಂಪಡಿಸಿದರೆ ಮೇಲೆ ಹೇಳಿದ ತೇವದ ತೊಂದರೆಯೇ ಮರುಕಳಿಸುತ್ತದೆ, ಮುಂದೆ ಅದನ್ನು ಕಿತ್ತು ತೆಗೆಯುವುದೂ ದುಸ್ತರ. ಆದ್ದರಿಂದ ಹಳೆಯ ಗೋಡೆಗೆ ಸ್ವಲ್ಪ ದಪ್ಪ ಹೆಚ್ಚಾದರೂ ಕಾರ್ಕ್ ಅಥವಾ ಮರದ ನಾರಿನ ಹಲಗೆ, ಚಾವಣಿಯ ಮೇಲಿನ ಖಾಲಿ ಜಾಗಕ್ಕೆ ಸೆಲ್ಯುಲೋಸ್ ಅಥವಾ ಖನಿಜ ಉಣ್ಣೆ ಯೋಗ್ಯ. ಒಂದೇ ಕಡೆ ಹಾಕಿಸಲು ಸಾಧ್ಯವಾಗುವುದಾದರೆ ಚಾವಣಿಗೆ ಹಾಕಿಸಬೇಕು.

ಕಿಟಕಿಯ ಬಗ್ಗೆ ಹೇಳುವುದಾದರೆ, ಒಂಟಿ ಗಾಜಿನ ಮೂಲಕ ಪ್ರತಿ ಚದರ ಮೀಟರಿಗೆ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 5.7 ವ್ಯಾಟ್ ಶಾಖ ಹರಿಯುತ್ತದೆ. ಸಾಮಾನ್ಯ ಜೋಡಿ ಗಾಜಿನಲ್ಲಿ ಇದು ಸುಮಾರು 2.8ಕ್ಕೆ ಇಳಿಯುತ್ತದೆ, ಶಾಖವನ್ನು ಹಿಂದಕ್ಕೆ ಪ್ರತಿಫಲಿಸುವ ಲೋ-ಇ ಲೇಪನ ಮತ್ತು ಗಾಜುಗಳ ನಡುವೆ ಆರ್ಗಾನ್ ಅನಿಲ ಸೇರಿದರೆ 1.5ರ ಆಸುಪಾಸಿಗೆ ಬರುತ್ತದೆ. ಆದರೂ ಗಟ್ಟಿ ಮರದ ಹಳೆಯ ಚೌಕಟ್ಟನ್ನು ಕಿತ್ತು ಪ್ಲಾಸ್ಟಿಕ್ ಕಿಟಕಿ ಕೂರಿಸುವ ಮೊದಲು ಒಂದು ಪರೀಕ್ಷೆ ಮಾಡಬಹುದು. ಗಾಳಿ ಬೀಸುವ ದಿನ ಕಿಟಕಿಯನ್ನು ಮುಚ್ಚಿ, ತೆಳುವಾದ ಟಿಶ್ಯೂ ಕಾಗದದ ಪಟ್ಟಿಯೊಂದನ್ನು ಸಂದುಗಳ ಉದ್ದಕ್ಕೂ ನಿಧಾನವಾಗಿ ಒಯ್ಯಿರಿ. ಕಾಗದ ಅಲುಗಾಡುವ ಕಡೆಯೆಲ್ಲ ಗಾಳಿ ಸೋರುತ್ತಿದೆ. ರಬ್ಬರ್ ಪಟ್ಟಿ ಹಾಕಿ ಆ ಸಂದುಗಳನ್ನು ಮುಚ್ಚಿ, ಒಳಗಡೆ ಎರಡನೆಯ ಗಾಜಿನ ಚೌಕಟ್ಟನ್ನು ಕೂರಿಸಿದರೆ ಹೊಸ ಕಿಟಕಿಯ ಲಾಭದ ಹೆಚ್ಚಿನ ಭಾಗ ಹಳೆಯ ಕಿಟಕಿಯಲ್ಲಿಯೇ ಸಿಗುತ್ತದೆ. ಬಿಸಿಲೇ ಮುಖ್ಯ ತೊಂದರೆಯಾದ ಕಡೆ ಗಾಜನ್ನು ಬದಲಿಸುವುದಕ್ಕಿಂತ ಹೊರಗಡೆ ನೆರಳು ಮಾಡುವುದು ಹೆಚ್ಚು ಫಲಕಾರಿ.

ಒಲೆ: ಗ್ಯಾಸ್, ಕಾಯಿಲ್, ಇಂಡಕ್ಷನ್

ಗ್ಯಾಸ್ ಒಲೆಯ ಉರಿಯಲ್ಲಿರುವ ಶಾಖದಲ್ಲಿ ಪಾತ್ರೆಗೆ ಸೇರುವುದು ಸುಮಾರು 32ರಿಂದ 40 ಪ್ರತಿಶತ. ಉಳಿದದ್ದು ಪಾತ್ರೆಯ ಬದಿಗಳಿಂದ ಕೋಣೆಗೆ ಹೋಗುತ್ತದೆ. ವಿದ್ಯುತ್ ಕಾಯಿಲ್ ಒಲೆಯಲ್ಲಿ ಇದು ಸುಮಾರು 70ರಿಂದ 75, ಇಂಡಕ್ಷನ್‌ನಲ್ಲಿ ಸುಮಾರು 85. ಇಂಡಕ್ಷನ್ ಒಲೆಯ ಗಾಜು ತಾನಾಗಿ ಬಿಸಿಯಾಗುವುದಿಲ್ಲ. ಒಳಗಿನ ಸುರುಳಿಯ ಕಾಂತಕ್ಷೇತ್ರದಿಂದ ಪಾತ್ರೆಯ ತಳವೇ ಬಿಸಿಯಾಗುತ್ತದೆ. ಎರಡು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು ನೀರಿಗೆ ಬೇಕಾದ ಶಾಖ ಸುಮಾರು 0.17 ಯೂನಿಟ್. ಇಂಡಕ್ಷನ್‌ನಲ್ಲಿ ಅದಕ್ಕೆ ಸುಮಾರು 0.2 ಯೂನಿಟ್ ಸಾಕು, ಗ್ಯಾಸಿನಲ್ಲಿ 0.45ರಿಂದ 0.55 ಯೂನಿಟ್‌ಗೆ ಸಮನಾದ ಅನಿಲ ಬೇಕು.

ಈ ಲೆಕ್ಕವನ್ನು ಅರ್ಧದಲ್ಲಿ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ಕಲ್ಲಿದ್ದಲಿನ ಸ್ಥಾವರದಲ್ಲಿ ಇಂಧನದ ಶಕ್ತಿಯ ಮೂರರಲ್ಲಿ ಒಂದು ಭಾಗದಷ್ಟು ಮಾತ್ರ ವಿದ್ಯುತ್ತಾಗುವುದರಿಂದ, ವಿದ್ಯುತ್ತೆಲ್ಲ ಕಲ್ಲಿದ್ದಲಿನದೇ ಆಗಿರುವ ಊರಿನಲ್ಲಿ ಇಂಡಕ್ಷನ್‌ನಿಂದ ಭೂಮಿಗೆ ಆಗುವ ಲಾಭ ಕರಗಿಹೋಗುತ್ತದೆ. ತಾರಸಿಯ ಮೇಲೆ ಸೌರಫಲಕ ಇರುವ ಮನೆಗೆ, ಅಥವಾ ಜಲವಿದ್ಯುತ್ತು, ಗಾಳಿ, ಬಿಸಿಲಿನ ಪಾಲು ಹೆಚ್ಚುತ್ತಿರುವ ಕಡೆ ಅದು ಸ್ಪಷ್ಟವಾಗಿ ಮುಂದಿದೆ. ಮನೆಯೊಳಗಿನ ಗಾಳಿಯ ದೃಷ್ಟಿಯಿಂದಂತೂ ಎಲ್ಲಿಯೂ ಮುಂದಿದೆ: ಗ್ಯಾಸ್ ಉರಿಯಿಂದ ನೈಟ್ರೋಜನ್ ಡೈಆಕ್ಸೈಡ್ ಮತ್ತು ಸ್ವಲ್ಪಮಟ್ಟಿಗೆ ಕಾರ್ಬನ್ ಮೊನಾಕ್ಸೈಡ್ ಹೊರಬೀಳುತ್ತವೆ, ಉಬ್ಬಸವಿರುವ ಮಕ್ಕಳಿಗೆ ಇದು ಒಳ್ಳೆಯದಲ್ಲ.

ಹಳೆಯ ಮನೆಯಲ್ಲಿ ಇಂಡಕ್ಷನ್‌ಗೆ ಇರುವ ತೊಡಕು ವೈರಿಂಗ್. ನಾಲ್ಕು ಒಲೆಗಳ ಇಂಡಕ್ಷನ್ ಫಲಕ ಪೂರ್ಣವಾಗಿ ಉರಿದಾಗ ಸುಮಾರು 7 ಕಿಲೋವ್ಯಾಟ್ ಎಳೆಯುತ್ತದೆ. 230 ವೋಲ್ಟಿನಲ್ಲಿ ಅದು 30 ಆಂಪಿಯರ್. ಇದಕ್ಕೆ ಪ್ರತ್ಯೇಕ ತಂತಿ, ಪ್ರತ್ಯೇಕ ಬ್ರೇಕರ್, ಸರಿಯಾದ ಭೂಸಂಪರ್ಕ ಬೇಕು. ಈಗಲೇ ಇಂಡಕ್ಷನ್ ಬೇಡವೆನ್ನುವವರೂ ಗೋಡೆ ತೆರೆದಿರುವಾಗಲೇ ಒಲೆಯ ಜಾಗದವರೆಗೆ ದಪ್ಪ ತಂತಿ ಹಿಡಿಸುವಷ್ಟು ಕೊಳವೆಯನ್ನು ಹುದುಗಿಸಿಡಬೇಕು. ಪಾತ್ರೆಗಳ ಪರೀಕ್ಷೆ ಸುಲಭ: ತಳಕ್ಕೆ ಅಯಸ್ಕಾಂತ ಗಟ್ಟಿಯಾಗಿ ಅಂಟಿದರೆ ಅದು ಇಂಡಕ್ಷನ್‌ಗೆ ಆಗುತ್ತದೆ.

ಒಲೆ ಯಾವುದೇ ಇರಲಿ, ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳುಹಿಸುವ ಚಿಮಣಿಯನ್ನೇ ಆರಿಸಬೇಕು. ಕೊಳವೆಯಿಲ್ಲದೆ, ಇದ್ದಿಲಿನ ಫಿಲ್ಟರಿನಿಂದ ಸೋಸಿ ಗಾಳಿಯನ್ನು ಒಳಗೇ ಬಿಡುವ ಬಗೆ ಜಿಡ್ಡು ಮತ್ತು ವಾಸನೆಯನ್ನು ಒಂದಿಷ್ಟು ಹಿಡಿದರೂ ನೀರಾವಿಯನ್ನಾಗಲಿ ಕಾರ್ಬನ್ ಮೊನಾಕ್ಸೈಡನ್ನಾಗಲಿ ತೆಗೆಯುವುದಿಲ್ಲ.

ಫ್ರಿಜ್, ಬಿಸಿನೀರು, ದೀಪ

ಅಡುಗೆಮನೆಯಲ್ಲಿ ಇಪ್ಪತ್ನಾಲ್ಕು ಗಂಟೆಯೂ ವಿದ್ಯುತ್ ಸಂಪರ್ಕದಲ್ಲಿರುವ ದೊಡ್ಡ ಯಂತ್ರ ಫ್ರಿಜ್. ಅದನ್ನು ಬದಲಿಸಬೇಕೆ ಎಂಬುದನ್ನು ಊಹೆಯಿಂದ ನಿರ್ಧರಿಸಬೇಕಾಗಿಲ್ಲ. ಪ್ಲಗ್ಗಿಗೆ ಹಾಕುವ ವಿದ್ಯುತ್ ಮೀಟರಿನಲ್ಲಿ ಎರಡು ದಿನ ಅಳೆದು ನೋಡಿದರೆ ದಿನಕ್ಕೆ ಎಷ್ಟು ಯೂನಿಟ್ ಎಂಬುದು ತಿಳಿಯುತ್ತದೆ. ಅದಕ್ಕೂ ಮೊದಲು ಬಾಗಿಲಿನ ಅಂಚಿನಲ್ಲಿ ಒಂದು ಕಾಗದವನ್ನಿಟ್ಟು ಮುಚ್ಚಿ ಎಳೆಯಿರಿ; ಸಲೀಸಾಗಿ ಜಾರಿ ಬಂದರೆ ಹಾಳಾಗಿರುವುದು ರಬ್ಬರ್ ಪಟ್ಟಿ, ಅದನ್ನಷ್ಟೇ ಬದಲಿಸಬಹುದು. ಹೊಸದನ್ನು ಕೊಳ್ಳುವಾಗ ನಕ್ಷತ್ರಗಳ ಸಂಖ್ಯೆಯನ್ನಲ್ಲದೆ ವರ್ಷದ ಒಟ್ಟು ಯೂನಿಟ್ಟನ್ನೂ ನೋಡಬೇಕು, ಏಕೆಂದರೆ ಹೆಚ್ಚು ನಕ್ಷತ್ರದ ದೊಡ್ಡ ಫ್ರಿಜ್ಜು ಕಡಿಮೆ ನಕ್ಷತ್ರದ ಸಣ್ಣದಕ್ಕಿಂತ ಹೆಚ್ಚು ವಿದ್ಯುತ್ತನ್ನು ಬಳಸಬಹುದು. ಒಳಗಿನ ಶೀತಕವೂ, ಅಂದರೆ ತಂಪು ಮಾಡುವ ಅನಿಲವೂ ಮುಖ್ಯ. ಆರ್-134ಎ ಸೋರಿದರೆ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,430 ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಆರ್-600ಎ ಎಂಬ ಐಸೊಬ್ಯೂಟೇನ್‌ನಲ್ಲಿ ಈ ಅಂಕಿ ಸುಮಾರು 3 ಮಾತ್ರ. ಫ್ರಿಜ್ಜನ್ನು ಒಲೆಯ ಪಕ್ಕದಲ್ಲಿ ಕೂರಿಸದಂತೆ, ಹಿಂಬದಿಯಲ್ಲಿ ಗಾಳಿಯಾಡುವಂತೆ ಕಪಾಟಿನ ನಕ್ಷೆ ಇರಬೇಕು. ಹಳೆಯದನ್ನು ಇನ್ನೊಂದು ಕೋಣೆಯಲ್ಲಿ ಓಡಿಸುತ್ತಾ ಇಟ್ಟುಕೊಂಡರೆ ಉಳಿತಾಯವೆಲ್ಲ ಅಲ್ಲಿಗೇ ಹೋಗುತ್ತದೆ. ಅನಿಲವನ್ನು ಹೊರತೆಗೆದು ವಿಲೇವಾರಿ ಮಾಡುವವರಿಗೆ ಅದನ್ನು ಕೊಡಬೇಕು.

ನಲ್ಲಿಯಲ್ಲಿ ಹರಿಯುವ ಬಿಸಿನೀರಿನ ಶಕ್ತಿಯನ್ನು ಹೆಚ್ಚಿನವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹತ್ತು ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಏರಿಸಲು 0.4 ಯೂನಿಟ್ ಬೇಕು, ಅಂದರೆ 8 ವ್ಯಾಟಿನ ಎಲ್.ಇ.ಡಿ. ದೀಪವೊಂದು 50 ಗಂಟೆ ಉರಿಯುವಷ್ಟು. ನಿಮಿಷಕ್ಕೆ 12 ಲೀಟರ್ ಸುರಿಸುವ ನಲ್ಲಿಗೆ, ನೀರಿಗೆ ಗಾಳಿ ಬೆರೆಸಿ ಹರಿವನ್ನು ತಗ್ಗಿಸುವ 6 ಲೀಟರಿನ ಏರೇಟರ್ ಹಾಕಿದರೆ ಪಾತ್ರೆ ತೊಳೆಯುವಾಗ ಹರಿಯುವ ನೀರು ಅರ್ಧವಾಗುತ್ತದೆ, ಅದರೊಂದಿಗೆ ಅದನ್ನು ಕಾಯಿಸುವ ಶಕ್ತಿಯೂ. ಹೀಟರನ್ನು ಸಿಂಕಿಗೆ ಹತ್ತಿರ ಇರಿಸಿ, ಕೊಳವೆಗೆ ಶಾಖನಿರೋಧಕ ಸುತ್ತಿಸಬೇಕು. ಹೀಟರನ್ನೇ ಬದಲಿಸುವುದಾದರೆ, ಸುತ್ತಲಿನ ಗಾಳಿಯ ಶಾಖವನ್ನು ಸೆಳೆದು ನೀರಿಗೆ ಸೇರಿಸುವ ಹೀಟ್ ಪಂಪ್ ಒಂದು ಯೂನಿಟ್ ವಿದ್ಯುತ್ತಿನಿಂದ ಸುಮಾರು ಮೂರು ಯೂನಿಟ್ ಶಾಖವನ್ನು ಕೊಡುತ್ತದೆ.

ದೀಪಗಳ ಆಯ್ಕೆಯಲ್ಲಿ ಈಗ ಚರ್ಚೆಗೆ ಉಳಿದದ್ದು ಕಡಿಮೆ. ಹಳೆಯ 60 ವ್ಯಾಟ್ ಬಲ್ಬಿನಷ್ಟು ಬೆಳಕನ್ನು 8ರಿಂದ 9 ವ್ಯಾಟಿನ ಎಲ್.ಇ.ಡಿ. ಕೊಡುತ್ತದೆ. ಬಣ್ಣ ತೋರಿಸುವ ಗುಣವನ್ನು ಹೇಳುವ ಸಿ.ಆರ್.ಐ. ಅಂಕಿ 90ಕ್ಕಿಂತ ಹೆಚ್ಚಿರುವುದನ್ನು ಆರಿಸಿ, ಕಟ್ಟೆಯ ಮೇಲೆ ನೆರಳು ಬೀಳದಂತೆ ಮೇಲಿನ ಕಪಾಟಿನ ಕೆಳಗೆ ಕೂರಿಸಿದರೆ ಆಯಿತು.

ಎಲ್ಲವನ್ನೂ ಒಮ್ಮೆಗೇ ಮಾಡಿಸಲಾಗದಿದ್ದರೆ

ಕೈಯಲ್ಲಿರುವ ಹಣ ಅರ್ಧ ಕೆಲಸಕ್ಕೆ ಮಾತ್ರ ಸಾಕಾಗುವುದಾದರೆ ನಾನು ಸೂಚಿಸುವ ಕ್ರಮ ಇದು. ಮೊದಲು ತೇವದ ಮೂಲ, ಸೋರುವ ಕೊಳವೆ ಮತ್ತು ವೈರಿಂಗ್. ಇವು ಗೋಡೆಯೊಳಗಿನ ಕೆಲಸಗಳಾದ್ದರಿಂದ ಮುಂದೂಡಿದರೆ ಹೊಸ ಗಿಲಾವನ್ನೇ ಮತ್ತೆ ಒಡೆಯಬೇಕಾಗುತ್ತದೆ. ಅದೇ ವಾರದಲ್ಲಿ ಏರೇಟರ್, ಎಲ್.ಇ.ಡಿ., ಕಿಟಕಿಯ ರಬ್ಬರ್ ಪಟ್ಟಿಗಳಂತಹ ಸಣ್ಣ ಕೆಲಸಗಳು. ಆಮೇಲೆ ಅಳತೆಯಲ್ಲಿ ದುಂದು ಎಂದು ತೋರಿಬಂದ ಫ್ರಿಜ್ ಅಥವಾ ಹೀಟರ್, ನಂತರ ಚಾವಣಿಯ ಶಾಖನಿರೋಧಕ ಮತ್ತು ಚಿಮಣಿ, ಆಮೇಲೆ ಒಲೆ. ಕಪಾಟಿನ ಬಾಗಿಲು ಮತ್ತು ಕಟ್ಟೆ ಕೊನೆಗೆ ಬರಲಿ. ಅಷ್ಟರಲ್ಲಿ ಹೊಸ ಬೆಳಕಿನಲ್ಲಿ, ಒಣಗಿದ ಗೋಡೆಗಳ ನಡುವೆ ಕೆಲವು ತಿಂಗಳು ಕೆಲಸ ಮಾಡಿರುತ್ತೀರಿ. ಯಾವ ಕಪಾಟು ನಿಜಕ್ಕೂ ಅಡ್ಡಿಯಾಗಿದೆ, ಯಾವುದಕ್ಕೆ ಬಿಜಾಗರಿ ಬದಲಿಸಿದರೆ ಸಾಕು ಎಂಬುದು ಆಗ ನಕ್ಷೆಯ ಮೇಲೆ ನೋಡುವುದಕ್ಕಿಂತ ಚೆನ್ನಾಗಿ ತಿಳಿದಿರುತ್ತದೆ.